ಸಲೂನಿನ ಬೆಂಚು

ಅಪ್ಪಾ,

ಇವತ್ತು ನಿನ್ನ ಮಗಳು ಬೀಗುವಂಥ ಕೆಲಸ ಮಾಡಿದ್ದಾಳೆ. ಬೀಗುತ್ತಲೂ ಇದ್ದಾಳೆ, ಕೇಳು.

ಬೆಳಿಗ್ಗೆ ನನ್ನ ಮೆಡಿಕಲ್ ಶಾಪಿಗೆ ನಮ್ಮ ಬೀದಿಯ ಟೈಲರ್ ಬಂದು, "ತೊಡೆಯೆಲ್ಲ ಹಿಂಡಿದ ಹಾಗೆ ನೋವಮ್ಮ, ಒಂದು ಮಾತ್ರೆ ಕೊಡು. ದಿನವಿಡೀ ಮಷೀನು ತುಳಿಯೋ ಕಾಲು, ನೋಯದೆ ಇರುತ್ತಾ?" ಎಂದರು. ಕೊಲೆಸ್ಟ್ರಾಲ್ ಮಾತ್ರೆಯನ್ನು ಅವರು ನನ್ನಲ್ಲಿಂದಲೇ ಒಯ್ಯುವುದು. ಕೂರಿಸಿ ವಿಚಾರಿಸಿದೆ. ಕೆಮ್ಮಿಗೆಂದು ಬೇರೊಬ್ಬ ಡಾಕ್ಟರು ಕಳೆದ ವಾರ ಆಂಟಿಬಯಾಟಿಕ್ ಬರೆದಿದ್ದರಂತೆ. ಚೀಟಿ ನೋಡಿದೆ. ಆ ಎರಡು ಮಾತ್ರೆ ಜೊತೆಯಾದರೆ ಸ್ನಾಯುಗಳಿಗೆ ಆಪತ್ತು.

"ಮೂತ್ರ ಯಾವ ಬಣ್ಣದಲ್ಲಿ ಹೋಗ್ತಿದೆ?"

ಅವರು ನಾಚಿಕೊಂಡು, "ಹಾಲು ಹಾಕದ ಟೀ ಥರ" ಎಂದರು.

ನೋವಿನ ಮಾತ್ರೆ ಕೊಡಲೇ ಇಲ್ಲ. ಎರಡೂ ಮಾತ್ರೆಗಳ ಹೆಸರು ಬರೆದು ಕೈಗೆ ಕೊಟ್ಟು ಆಗಲೇ ಆಸ್ಪತ್ರೆಗೆ ಓಡಿಸಿದೆ. ಸಂಜೆ ಅಲ್ಲಿಯ ಡಾಕ್ಟರೇ ಫೋನ್ ಮಾಡಿದರು. "ಇನ್ನೆರಡು ದಿನ ಬಿಟ್ಟಿದ್ರೆ ಕಿಡ್ನಿಗೆ ಕುತ್ತು ಬರ್ತಿತ್ತು. ನಿಮಗೆ ಹೇಗೆ ಹೊಳೀತು?"

ಓದಿದ್ದೇನಲ್ಲ ಸಾರ್, ಎಂದೆ.

ನೀನೂ ಕಾಲು ನೋವು ಅಂದಿದ್ದೆ. "ದಿನವಿಡೀ ನಿಂತು ಕ್ಷೌರ ಮಾಡೋ ಕಾಲು, ನೋಯದೆ ಇರುತ್ತಾ?" ಎಂದಿದ್ದೆ ನಾನು, ಫಾರ್ಮಸಿ ಪರೀಕ್ಷೆಯ ಪುಸ್ತಕದಿಂದ ತಲೆ ಎತ್ತದೆ. ಆ ನೋವು ತಾಳದೆ ನೀನು ಯಾರಿಗೂ ಹೇಳದೆ ನಿನ್ನ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದ್ದು ಗೊತ್ತಾದದ್ದು ನಿನ್ನ ಹೃದಯ ನಿಂತ ಮೇಲೆ. ಕತ್ತರಿಗಳ ಡ್ರಾಯರಿನಲ್ಲಿ ಒಡೆಯದ ಮಾತ್ರೆಪಟ್ಟಿಗಳು ಸಿಕ್ಕವು.

ನಿನ್ನ ಸಲೂನಿನ ಬೆಂಚು ಈಗ ನನ್ನ ಅಂಗಡಿಯಲ್ಲಿದೆ. ಕಾಲು ನೋವು ಅಂದವರನ್ನು ಅದರ ಮೇಲೆ ಕೂರಿಸಿ, ಪಕ್ಕದಲ್ಲಿ ನಾನೂ ಕೂರುತ್ತೇನೆ.