ಒಂದು ನಿಮಿಷದ ಕೆಲಸ

ಮಾರ್ಚ್ ೪, ಮಂಗಳವಾರ

ಶಟರ್ ಮತ್ತೆ ಅರ್ಧಕ್ಕೆ ಸಿಕ್ಕಿಕೊಂಡಿತು. ಬೀಗ ರಿಪೇರಿಯವಳ ಅಂಗಡಿಯೇ ತೆರೆಯದಿದ್ದರೆ ಜನ ನಗದೆ ಇನ್ನೇನು ಮಾಡುತ್ತಾರೆ! ಎಣ್ಣೆ ಬಿಟ್ಟು, ಬೈದು, ಎತ್ತಿದೆ. ಬೆಳಿಗ್ಗೆಯಿಂದ ಮಾತಾಡಿದ್ದು ಅದರ ಜೊತೆಗೇ.

ಮಧ್ಯಾಹ್ನ ನಮ್ಮ ಕಟ್ಟಡದ ಮೂರನೇ ಮಹಡಿಯ ನರ್ಸ್ ಓಡಿ ಬಂದಳು. ಹೊರದೇಶದವಳು, ಬಾಡಿಗೆಗೆ ಬಂದು ಎರಡು ತಿಂಗಳು. ಕೀಲಿಕೈ ಬೀಗದಲ್ಲೇ ಮುರಿದಿತ್ತು, ಒಳಗೆ ಅವಳ ಅಮ್ಮ. ಮೇಲೆ ಹೋಗಿ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ.

"ನಾನೂ ಇಲ್ಲೇ ನಿಲ್ಬೇಕಾ, ಆಂಟಿ?"

"ನಮ್ಮಪ್ಪನ ಕಾನೂನು ಕಣಮ್ಮ. ಮನೆಯವರು ಪಕ್ಕದಲ್ಲಿಲ್ದೆ ಬಾಗಿಲು ತೆಗೆಯೋ ಹಾಗಿಲ್ಲ."

ಬಾಗಿಲು ತೆರೆದದ್ದೇ ಅವಳ ಅಮ್ಮ ನನ್ನ ಎರಡೂ ಕೈ ಹಿಡಿದು ನಕ್ಕರು. ನಮ್ಮ ಭಾಷೆ ಒಂದಕ್ಷರ ಬಾರದು. ನನ್ನ ಕೈ ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ.

ಮಾರ್ಚ್ ೯, ಭಾನುವಾರ

ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ರೆಟರಿಯ ಮೆಸೇಜು — "ಇಂಥ ಬಣ್ಣದವರು ಒಬ್ಬರು ಹೊಕ್ಕರೆ ಕಟ್ಟಡ ನಮ್ಮ ಕೈ ತಪ್ಪುತ್ತೆ. ಮೂರನೇ ಮಹಡಿ ಖಾಲಿ ಮಾಡಿಸೋಣ." ಕೆಳಗೆ ಸಾಲು ಸಾಲು ಹೆಬ್ಬೆರಳು. ಹಲ್ಲಿನ ಡಾಕ್ಟರದೂ ಇದೆ. ಹೋದ ವಾರ ತನ್ನ ತಾಯಿಗೆ ಇಂಜೆಕ್ಷನ್ ಹಾಕಿಸಿದ್ದು ಇದೇ ನರ್ಸ್ ಕೈಲಿ. ನಾಚಿಕೆಗೆಟ್ಟವನು.

"ಇದು ತಪ್ಪು" ಎಂದು ಬರೆದೆ. ಅದಕ್ಕೆ ಒಂದು ಹೆಬ್ಬೆರಳೂ ಬರಲಿಲ್ಲ.

ಸಂಜೆ ತಂಗಿಯ ಫೋನು. ನಡೆದದ್ದು ಹೇಳಿದೆ. "ನಿಂಗ್ಯಾಕೆ ಊರ ಉಸಾಬರಿ?"

"ಊರಲ್ಲ ಕಣೆ. ನನ್ನ ಮೆಟ್ಟಿಲು."

ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಟ್ಟಳು. ಅವಳ ಮನೆಯಲ್ಲಿ ಹಾಲು ಯಾವಾಗಲೂ ಇಂಥ ಹೊತ್ತಿಗೇ ಉಕ್ಕುತ್ತದೆ.

ಮಾರ್ಚ್ ೧೪, ಶುಕ್ರವಾರ

ಕಲ್ಲಿನ ದಿನ. ಕಟ್ಟಡದ ಹೆಬ್ಬಾಗಿಲಲ್ಲಿ ಹೂತ ಕಲ್ಲು, ಅದರ ಮೇಲೆ ಒಬ್ಬ ಯಹೂದಿ ದರ್ಜಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಇದೇ ದಿನ, ನಾಲ್ವರನ್ನೂ ಮೂರನೇ ಮಹಡಿಯಿಂದ ಕೊಲ್ಲುವ ಶಿಬಿರಕ್ಕೆ ಸಾಗಿಸಿದರು. ಯಹೂದಿಗಳು ಎಂಬುದೊಂದೇ ಕಾರಣ. ಯಾರೂ ಮರಳಲಿಲ್ಲ. ಪ್ರತಿ ವರ್ಷ ಕಟ್ಟಡದವರೆಲ್ಲ ಇಳಿದು ಬಂದು ಸ್ವಲ್ಪ ಹೊತ್ತು ನಿಲ್ಲುವುದಿತ್ತು. ಈ ಸಲ ಸೆಕ್ರೆಟರಿ — "ಹಳೇ ಗಾಯ ಕೆದಕೋದು ಸಾಕು."

ಒಬ್ಬಳೇ ನಿಂತೆ. ಪರಿಚಯದವರೆಲ್ಲ ಫೋನು ನೋಡುತ್ತಾ ದಾಟಿ ಹೋದರು.

ಆ ದಿನ ದರ್ಜಿಯ ಮನೆ ಬಾಗಿಲು ಒಡೆದದ್ದಲ್ಲ. ತೆಗೆದದ್ದು. ನಮ್ಮಪ್ಪ ತೆಗೆದದ್ದು. ಅಧಿಕಾರಿ ಅಂಗಡಿಗೇ ಬಂದು ಬಲು ಮರ್ಯಾದೆಯಿಂದ "ಒಂದು ನಿಮಿಷದ ಕೆಲಸ" ಅಂದನಂತೆ. ಅಪ್ಪನಿಗೆ ಆಗ ಇಪ್ಪತ್ತು. ಕೈಚಳಕದ ಜಂಬ ಬೇರೆ. ಒಳಗೆ ಕಿರಿಯ ಹುಡುಗಿ, ಯಾರೂ ಹೇಳದೆಯೇ, ಕೋಟು ಹಾಕಿಕೊಳ್ಳುತ್ತಿದ್ದಳಂತೆ. ನನಗೆ ಕೆಲಸ ಕಲಿಸಿದ ಮೊದಲ ದಿನವೇ ಅಪ್ಪ ಇದನ್ನು ಹೇಳಿದರು. ಆಮೇಲೆ ಕಾನೂನು. ಯಾರಾದರೂ ಅವರ ಕೆಲಸ ಹೊಗಳಿದರೆ ಸಾಕು, ಎರಡೂ ಕೈ ಮೇಜಿನ ಕೆಳಗೆ ಹೋಗುತ್ತಿದ್ದವು. ಸಾಯುವವರೆಗೂ.

ನರ್ಸಿನ ಅಮ್ಮ ಒದ್ದೆ ಬಟ್ಟೆ ಹಿಡಿದು ಇಳಿದು ಬಂದರು. ಕೂತು ಕಲ್ಲು ಒರೆಸಿದರು. ಅಕ್ಷರ ತಿಳಿಯದು, ಆದರೆ ನಾಲ್ಕು ಹೆಸರಿನ ಮುಂದೆಯೂ ಒಂದೇ ಇಸವಿ — ಅದು ಕಂಡಿತು. ಬೆರಳಿಟ್ಟು ನನ್ನ ಮುಖ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ.

ಮಾರ್ಚ್ ೧೯, ಬುಧವಾರ

ಸೆಕ್ರೆಟರಿ ಅಂಗಡಿಗೆ ಬಂದ.

"ಅಕ್ಕಾ, ಮೂರನೇ ಮಹಡಿದು ಬೀಗ ತೆಗೀಬೇಕಲ್ಲ. ನರ್ಸ್ ಡ್ಯೂಟಿಗೆ ಹೋಗಿದಾಳೆ, ಮುದುಕಿ ತೆಗೀತಿಲ್ಲ. ಸಾಮಾನು ಬೀದಿಗಿಟ್ರೆ ತಾವಾಗೇ ಹೋಗ್ತಾರೆ."

"ಪೊಲೀಸ್ರು?"

"ಅವ್ರೂ ನಮ್ಮವ್ರೇ ಬಿಡಿ. ಒಂದ್ನಿಮಿಷದ ಕೆಲ್ಸ ಅಕ್ಕಾ."

ಕೈ ಮೇಜಿನ ಮೇಲೆಯೇ ಇಟ್ಟುಕೊಂಡೆ.

"ಆಗಲ್ಲ."

"ನೀವಲ್ದಿದ್ರೆ ಪಕ್ಕದ ಬೀದಿಯವನಿದಾನೆ, ನಿಮ್ಮತ್ರ ಕಲ್ತೋನೇ. ನಾಳೆ ಕರೀತೀನಿ. ಅಂದ್ಹಾಗೆ, ಅಂಗಡಿ ಕರಾರು ಈ ತಿಂಗಳಿಗೆ ಮುಗೀತದೆ... ನೆನಪಿರ್ಲಿ."

ಪಕ್ಕದ ಬೀದಿಯವನಿಗೆ ಹತ್ತು ಸಲ ಫೋನು ಮಾಡಿದೆ. ಎತ್ತಲಿಲ್ಲ. ನರ್ಸ್ ಬಂದ ಮೇಲೆ ಹೇಳಿದೆ. "ನಾಳೆ ರಜಾ ಕೊಡಲ್ಲ ಆಂಟಿ. ಅಮ್ಮ ಒಬ್ರೇ..."

"ಒಬ್ರೇ ಯಾಕೆ? ನಾನಿರ್ತೀನಿ."

ಮಾರ್ಚ್ ೨೦, ಗುರುವಾರ. ಬೆಳಿಗ್ಗೆ

ಅಂಗಡಿ ತೆರೆದಿಲ್ಲ. ಮೂರನೇ ಮಹಡಿಯ ಅಡುಗೆಮನೆ, ಮೂರು ಕಾಲಿನ ಸ್ಟೂಲು. ನರ್ಸಿನ ಅಮ್ಮ ಟೀ ಕೊಟ್ಟರು. ಸಕ್ಕರೆ ವಿಪರೀತ. ಇನ್ನೊಬ್ಬರ ಕೈಯ ಟೀ ಕುಡಿದು ವರ್ಷಗಳಾಗಿದ್ದವು. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ.

ಮೆಟ್ಟಿಲಲ್ಲಿ ಕಾಲ ಸಪ್ಪಳ. ಸೆಕ್ರೆಟರಿಯ ಕೆಮ್ಮು.

ಅಮ್ಮ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾರೆ. ಯಾರೂ ಹೇಳಿಲ್ಲ. ತಾವಾಗಿಯೇ... ದೇವರೇ.

ನಾನೇ ಗುಂಡಿ ಬಿಚ್ಚಿ ಕೋಟು ಮೊಳೆಗೆ ತಗುಲಿಸಿದೆ.

ಬೀಗದೊಳಗೆ ತಂತಿ ಆಡುತ್ತಿದೆ. ಅವಸರವಿಲ್ಲ, ಒತ್ತಡವಿಲ್ಲ — ನಾನು ಕಲಿಸಿದ ಕೈ. ಅವನಿಗೂ ಮೊದಲ ದಿನವೇ ಅಪ್ಪನ ಕಥೆ ಹೇಳಿದ್ದೆ. ಬಾಗಿಲಿಗೆ ಬಾಯಿಟ್ಟೆ.

"ಲೋ, ಮನೆಯವರು ಪಕ್ಕದಲ್ಲಿದಾರೇನೋ?"

ತಂತಿ ನಿಂತಿತು.

"ಅಕ್ಕಾ... ಒಳಗೆ ನೀವಾ?"

"ಕೇಳಿದ್ದಕ್ಕೆ ಉತ್ತರ ಕೊಡು."

ಸೆಕ್ರೆಟರಿ ಗದರುತ್ತಿದ್ದಾನೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಅಮ್ಮನೂ ಬಂದು ಪಕ್ಕದಲ್ಲಿ ಕೂತರು, ಎಡಗೈ ಹಿಡಿದುಕೊಂಡಿದ್ದಾರೆ. ತಂತಿ ಇನ್ನೂ ಬೀಗದಲ್ಲೇ ಇದೆ. ಹಿಂದಕ್ಕೆಳೆದರೆ ಸದ್ದು ಬೇರೆ, ಮುಂದೆ ತಳ್ಳಿದರೆ ಬೇರೆ. ನನ್ನ ಕಿವಿಗೆ ಗೊತ್ತಾಗುತ್ತದೆ. ಈಗ ಅವನು ಎತ್ತ ಸರಿಸುತ್ತಾನೋ, ಕೇಳುತ್ತಿದ್ದೇನೆ.