ಗಂಟಿನ ಮುದ್ದೆ

ಗುಂಡ್ಲುಪೇಟೆ
12-2-1996

ಉಡಿಗಾಲದ ಅಣ್ಣಯ್ಯನಿಗೆ ತಂಗಿ ದೇವೀರಮ್ಮಣ್ಣಿಯ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳು ಇಲ್ಲ. ಗಾಬರಿಯಾಗಬೇಡ, ಕಾಯಿಲೆಯಲ್ಲ.

ನಿನ್ನೆ ಹೊಸ ಸೊಸೆ ಶಿವರಂಜನಿ ಕಟ್ಟಿದ ಮುದ್ದೆಯಲ್ಲಿ ಬರೀ ಗಂಟು. ಮೆತ್ತಗೆ ಹೇಳಿದೆ, ಅಷ್ಟೆ. ನಮ್ಮ ಅತ್ತೆ ನನ್ನ ಮೇಲೇ ಎಗರಿದರು. "ಗಂಟಿದ್ರೇನಮ್ಮಿ? ಒಟ್ಟೆಗೋದ್ಮೇಲೆ ಕರಗ್ತದೆ ಬುಡು. ನೀ ಉಣ್ಕಣವ್ವ ರಂಜನಿ. ಇವ್ಳು ಅತ್ತೆ ಆಗ್ಬುಟ್ಲಲ್ಲ, ಅದ್ಕೆ ಮೆರೀತಾವ್ಳೆ" ಅಂದರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅಣ್ಣಯ್ಯ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಅತ್ತೆ ನನ್ನ ಗಂಟಿನ ಮುದ್ದೆಯನ್ನು ಹಸುವಿಗೆ ಹಾಕಿ, ಹಸುವೂ ಮೂಸಲಿಲ್ಲ ಅಂತ ಬೀದಿಗೆಲ್ಲ ಸಾರಿದ್ದು ನಿನಗೆ ನೆನಪಿರಬೇಕು. ಆಗ ಸೊಸೆ ಅಂತ ಬಾಯಿ ಮುಚ್ಚಿಕೊಂಡೆ. ಈಗ ಅತ್ತೆ ಅಂತ ಮುಚ್ಚಿಕೊಳ್ಳಬೇಕಂತೆ. ಹಾಗಾದರೆ ನಾನು ಬಾಯಿ ತೆರೆಯುವುದು ಯಾವಾಗ?

ನೀನು ಬಂದು ನನ್ನನ್ನು ಕರೆದುಕೊಂಡು ಹೋಗು. ಶುಕ್ರವಾರ ಬರಬೇಡ, ಕಳಿಸುವುದಿಲ್ಲ. ಅತ್ತಿಗೆಗೆ ಕಾಲು ಊದಿದೆ, ಮನೆಗೆಲಸಕ್ಕೆ ನಾನು ಬೇಕು ಅಂತ ನಮ್ಮ ಅತ್ತೆಗೆ ಹೇಳು. ಬೇಡ, ನಿಜವಾಗಿ ಊದಿಬಿಟ್ಟರೆ ಅಂತ ಭಯ. ಸೊಂಟ ಅಂತ ಹೇಳು, ಅದು ಹೇಗೂ ನೋಯುತ್ತದಲ್ಲ. ಎಂಟು ದಿನ ಸಾಕು. ಹೆಚ್ಚಾದರೆ ಇವರಿಬ್ಬರೂ ಸೇರಿ ಅಡುಗೆಮನೆಯ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿಬಿಡುತ್ತಾರೆ.

ಇನ್ನೊಂದು ಮಾತು. ಬಂದ ತಕ್ಷಣ ನನ್ನನ್ನು ಹೊರಡಿಸಬೇಡ. ಅವರಿಬ್ಬರಲ್ಲಿ ಒಬ್ಬರಾದರೂ ನಾನಿಲ್ಲದೆ ಮನೆ ನಡೆಯುವುದಿಲ್ಲ ಅನ್ನುವ ತನಕ ಕಾಫಿ ಕುಡಿಯುತ್ತಾ ಕೂತಿರು. ಯಾರೂ ಅನ್ನದಿದ್ದರೆ, ಅತ್ತಿಗೆಯ ಸೊಂಟ ವಾಸಿಯಾಗಿದೆ ಅಂತ ಹೇಳಿ ನೀನೊಬ್ಬನೇ ಹೊರಟುಬಿಡು.

ನಿನ್ನ ದಾರಿ ಕಾಯುವ ತಂಗಿ,
ದೇವೀರಮ್ಮಣ್ಣಿ