ಆ ಬೆಟ್ಟದ ಹೆಸರು

ಸಂಪಾದಕ ಹಾಲ್ವರ್ಸನ್ ಅವರಿಗೆ,

ನಿಮ್ಮ ಕಚೇರಿ ತೆರೆಯುವ ಮೊದಲೇ ಬಂದು ಇದನ್ನು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಫೋನಿನಲ್ಲಿ ನಿಮ್ಮವರು, "ಬೇಟೆಯ ಜಾಗದ ಹೆಸರು ನಾವು ಯಾರಿಗೂ ಹೇಳಲ್ಲಮ್ಮ, ಹೇಳಿದ್ರೆ ಜನ ಮುತ್ಕೊಳ್ತಾರೆ" ಅಂದರು. ನಾನು ಬಂದೂಕು ಮುಟ್ಟಿದವಳೇ ಅಲ್ಲ.

ನಿಮ್ಮ ಬೇಟೆ ಪತ್ರಿಕೆಯ ಕಳೆದ ಸಂಚಿಕೆಯ ಚಿತ್ರವೊಂದರಲ್ಲಿ ಸತ್ತ ಎಲ್ಕ್ ಜಿಂಕೆಯ ಕೊಂಬು ಹಿಡಿದು ಒಬ್ಬ ನಗುತ್ತಿದ್ದಾನೆ. ಅವನ ಹಿಂದೆ ತುದಿ ಸೀಳಿದ ಬೆಟ್ಟವೊಂದಿದೆ. ಕೆಳಗೆ 'ಮೊಂಟಾನಾದಲ್ಲಿ ಎಲ್ಲೋ ಒಂದು ಕಡೆ' ಎಂದಷ್ಟೇ ಬರೆದಿದ್ದೀರಿ. ನನ್ನ ಗಂಡ ವೆಂಡೆಲ್ ಆ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದ್ದೇ ನೋಡಿದ್ದು. ಒಂದು ದಿನ, "ಜಾಗ ಗೊತ್ತಾಯ್ತು ಕಣೇ!" ಅಂದ. ಎಲ್ಲಿ ಅಂತ ಕೇಳಿದೆ. "ಹೇಳಿದ್ರೆ ನಿಮ್ಮಣ್ಣನ ಕಿವಿಗೆ ಹಾಕ್ತೀಯ. ಅವನು ಮೊದಲೇ ಹೋಗಿ ಹೊಡ್ಕೊಂಡ್ರೆ ನನಗೆ ಬರೀ ಜಿಂಕೆ ಹಿಕ್ಕೆ ಸಿಗುತ್ತೆ" ಅಂತ ನಕ್ಕು ಬೇಟೆಗೆ ಹೊರಟ.

ಭಾನುವಾರ ಬರಬೇಕಿದ್ದವನು ಇನ್ನೂ ಬಂದಿಲ್ಲ. ಹುಡುಕುವವರು ಯಾವ ಬೆಟ್ಟ ಎನ್ನುತ್ತಾರೆ. ನಾನು ನಿಮ್ಮ ಚಿತ್ರ ತೋರಿಸುತ್ತೇನೆ. ಅಂಥ ತುದಿಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಸಂಜೆಗೆ ಮತ್ತೆ ಹಿಮ ಬೀಳುತ್ತದಂತೆ.

ನಿಮ್ಮ ಕಟ್ಟುಪಾಡು ಮುರಿಯಲು ಬಂದವಳಲ್ಲ ಸ್ವಾಮಿ. ಬೆಟ್ಟದ ಹೆಸರನ್ನು ಪತ್ರಿಕೆಯಲ್ಲಿ ಹಾಕಬೇಡಿ, ಹುಡುಕುವವರಿಗೆ ಮಾತ್ರ ಹೇಳಿ. ಅವರ ಜೊತೆ ನನ್ನಣ್ಣನೂ ಇದ್ದಾನೆ. ಆ ಬೆಟ್ಟಕ್ಕೆ ಎಂದೂ ಬೇಟೆಗೆ ಹೋಗುವುದಿಲ್ಲ ಎಂದು ಅವನ ಕೈಲಿ ಬರೆಸಿ ಇದರ ಜೊತೆ ಇಟ್ಟಿದ್ದೇನೆ.

ಹೊರಗೆ ನೀಲಿ ಟ್ರಕ್ಕಿನಲ್ಲಿ ಕೂತಿರುತ್ತೇನೆ. ಇಂಜಿನ್ ಆರಿಸುವುದಿಲ್ಲ.

ಇಂತಿ,
ಲೊರೀನ್ ಟ್ವೆಟ್